ಕಾಫಿ, ಹೃದಯ ಮತ್ತು ಭೋಗೋಪಭೋಗ ಪರಿಮಾಣ ವ್ರತ



ಭಾದ್ರಪದ ಮಾಸವು ಸಮೀಪಿಸಿ ದಶಲಕ್ಷಣ ಪರ್ವದ ಸಿದ್ಧತೆಗಳು ಮೊದಲಾದೊಡನೆ ನಮ್ಮ ಬಸದಿಗಳ ಜಗಲಿಯ ಮೇಲೆ ವರ್ಷವೂ ತಪ್ಪದೆ ಕೇಳಿಬರುವ ಪ್ರಶ್ನೆಯೊಂದುಂಟು: “ಉಪವಾಸದ ದಿನ ಒಂದು ಲೋಟ ಕಾಫಿ ಕುಡಿದರೆ ವ್ರತಕ್ಕೆ ಭಂಗವೇ?” ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಅಲ್ಲಿಯೇ ದೊರೆಯುತ್ತವೆ. ಒಬ್ಬರು, “ಕಾಫಿಯೆಂಬುದು ವಿಷ, ಅದು ಹೃದಯವನ್ನು ಕೆಡಿಸಿ ಆಯುಷ್ಯವನ್ನು ಕುಗ್ಗಿಸುತ್ತದೆ, ಆದುದರಿಂದ ಬಿಡಿ” ಎನ್ನುತ್ತಾರೆ. ಇನ್ನೊಬ್ಬರು, “ಕಾಫಿ ಆಹಾರವೆಲ್ಲಿ ಬಂತು, ಬರಿಯ ಬಣ್ಣದ ನೀರು, ಹೃದಯಕ್ಕೆ ಹಿತವೆಂದು ವೈದ್ಯರೇ ಈಗ ಹೇಳುತ್ತಿದ್ದಾರೆ, ಆದುದರಿಂದ ಕುಡಿಯಿರಿ” ಎನ್ನುತ್ತಾರೆ.

ಮೊದಲನೆಯ ಉತ್ತರದಲ್ಲಿ ಸತ್ಯಕ್ಕೆ ಲೋಪವಿದೆ. ಎರಡನೆಯದರಲ್ಲಿ ಸಂಯಮಕ್ಕೆ ಲೋಪವಿದೆ. ಸುಳ್ಳು ಭಯದ ಮೇಲೆ ನಿಲ್ಲಿಸಿದ ವ್ರತವು ವೃತ್ತಪತ್ರಿಕೆಯ ಒಂದು ಸುದ್ದಿಗೆ ಕುಸಿದು ಬೀಳುತ್ತದೆ. “ಕಾಫಿಯಿಂದ ಹೃದಯಕ್ಕೆ ಒಳಿತು” ಎಂಬ ವಾರ್ತೆಯನ್ನು ಮೊಮ್ಮಗನು ಓದಿ ಹೇಳಿದ ದಿನವೇ ಅಜ್ಜನ ನಿಯಮವು ಮುಗಿಯುತ್ತದೆ. ಹಾಗಾಗದಂತೆ, ವ್ರತಕ್ಕೆ ಸತ್ಯದ ಅಡಿಗಲ್ಲನ್ನೇ ಹಾಕಬೇಕು. ಕಾಫಿಯ ಗುಣವನ್ನು ಗುಣವೆಂದೂ ದೋಷವನ್ನು ದೋಷವೆಂದೂ ಅರಿತು, ಆ ಬಳಿಕ ಅದನ್ನು ಮಿತಗೊಳಿಸುವುದು ಅಥವಾ ಬಿಡುವುದು ಶ್ರಾವಕನಿಗೆ ಯೋಗ್ಯವಾದ ಮಾರ್ಗ. ಈ ಲೇಖನದಲ್ಲಿ ನಿವೇದಿಸಬೇಕೆಂದಿರುವುದು ಇಷ್ಟೇ.

ಐದು ಒರೆಗಲ್ಲುಗಳು

ನಮ್ಮ ಪೂರ್ವಾಚಾರ್ಯರು ಕಾಫಿಯನ್ನು ಕಂಡವರಲ್ಲ. ಅರಬರ ಯೆಮನ್ ದೇಶದಲ್ಲಿ 15ನೆಯ ಶತಮಾನದ ಸೂಫಿ ಸಾಧಕರು ರಾತ್ರಿಯ ಪ್ರಾರ್ಥನೆಯಲ್ಲಿ ನಿದ್ರೆ ಬಾರದಿರಲೆಂದು ಈ ಪಾನೀಯವನ್ನು ಸೇವಿಸುತ್ತಿದ್ದರು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅಲ್ಲಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿಯಿದೆ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗವು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳನ್ನುಳ್ಳ ನಮ್ಮ ಕರ್ನಾಟಕದ್ದು. ಮಲೆನಾಡಿನ ನಮ್ಮ ಸಮಾಜದ ಎಷ್ಟೋ ಮನೆಗಳಿಗೆ ಅನ್ನವಿತ್ತದ್ದೂ ಈ ಗಿಡವೇ. ಆದುದರಿಂದ ಇದನ್ನು ಕುರಿತು ಕೃತಘ್ನತೆಯ ಮಾತನ್ನಾಡುವುದು ಸಲ್ಲದು.

ಆಚಾರ್ಯರು ಕಾಫಿಯನ್ನು ಹೆಸರಿಸಿಲ್ಲವಾದರೂ ಯಾವ ವಸ್ತುವನ್ನಾದರೂ ಪರೀಕ್ಷಿಸಬಹುದಾದ ಒರೆಗಲ್ಲನ್ನು ನಮ್ಮ ಕೈಗೆ ಕೊಟ್ಟು ಹೋಗಿದ್ದಾರೆ. ಸಮಂತಭದ್ರಸ್ವಾಮಿಗಳು ರತ್ನಕರಂಡ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುತ್ತ, ಒಮ್ಮೆ ಅನುಭವಿಸಿ ಬಿಡತಕ್ಕ ಅನ್ನಪಾನಾದಿಗಳನ್ನು ಭೋಗವೆಂದೂ ಮರಳಿ ಮರಳಿ ಅನುಭವಿಸತಕ್ಕ ವಸ್ತ್ರಾದಿಗಳನ್ನು ಉಪಭೋಗವೆಂದೂ ವಿಂಗಡಿಸುತ್ತಾರೆ. ಅವುಗಳಲ್ಲಿ ತ್ಯಜಿಸತಕ್ಕವನ್ನು ಗುರುತಿಸಲು ಐದು ಕಾರಣಗಳನ್ನು ಅಲ್ಲಿಂದ ನಾವು ಗ್ರಹಿಸಬಹುದು: ತ್ರಸಜೀವಿಗಳ ಘಾತವಾಗುವುದು, ಅಲ್ಪ ಫಲಕ್ಕಾಗಿ ಬಹು ಜೀವಿಗಳ ಘಾತವಾಗುವುದು, ಪ್ರಮಾದಕ್ಕೆ ಕಾರಣವಾಗುವುದು, ಶರೀರಕ್ಕೆ ಅನಿಷ್ಟವಾಗಿರುವುದು ಮತ್ತು ಸಜ್ಜನರ ಸೇವನೆಗೆ ಅಯೋಗ್ಯವಾಗಿರುವುದು.

ಇವುಗಳಲ್ಲಿ ಮೊದಲನೆಯದೂ ಕಡೆಯದೂ ನಮ್ಮನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಹುರಿದ ಕಾಫಿ ಬೀಜವು ಮದ್ಯ, ಮಾಂಸ, ಮಧುಗಳಂತೆ ತ್ರಸಹಿಂಸೆಯಿಂದ ಹುಟ್ಟಿದ ವಸ್ತುವಲ್ಲ. ಬೆಳೆಗಾರನಿಗೆ ಕಾಯಿಕೊರಕವೇ ಮೊದಲಾದ ಕೀಟಗಳ ವಿಷಯದಲ್ಲಿ ಉದ್ಯೋಗೀ ಹಿಂಸೆಯ ಪ್ರಶ್ನೆಯುಂಟು. ಅದು ಎಲ್ಲ ಕೃಷಿಗೂ ಸಮಾನವಾದುದರಿಂದ ಅದನ್ನು ಪ್ರತ್ಯೇಕವಾಗಿಯೇ ವಿಚಾರಿಸಬೇಕು. ಸಜ್ಜನರು ಮುಟ್ಟಬಾರದ ವಸ್ತುವೆಂದೂ ಕಾಫಿಯನ್ನು ಹೇಳಲಾಗದು.

ಎರಡನೆಯ ಒರೆಗಲ್ಲಿನಲ್ಲಿ ಮಾತ್ರ ನಮ್ಮವರು ಗಮನಿಸದ ಸಂಗತಿಯೊಂದಿದೆ. ಅಂಗಡಿಯಿಂದ ತರುವ ಕಾಫಿಪುಡಿಯಲ್ಲಿ ಬಹುಪಾಲು ಚಿಕೋರಿ ಬೆರೆತದ್ದು. ಚಿಕೋರಿಯು ಬೀಜವಲ್ಲ, ಕಾಯಿಯಲ್ಲ; ಒಂದು ಸಸ್ಯದ ಬೇರು. ಆ ಬೇರನ್ನು ಕತ್ತರಿಸಿ, ಒಣಗಿಸಿ, ಹುರಿದು ಪುಡಿಮಾಡುತ್ತಾರೆ. ನಮ್ಮ ದೇಶದ ಆಹಾರ ನಿಯಮದಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಭಾಗ ಶೇಕಡಾ 51ಕ್ಕೆ ಕಡಿಮೆಯಿರಬಾರದು. ಎಂದರೆ ಬೇರಿನ ಭಾಗವು ಶೇಕಡಾ 49ರವರೆಗೂ ಇರಬಹುದು. ಈ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿರುತ್ತಾರೆ. ಗೆಡ್ಡೆ, ಈರುಳ್ಳಿ, ಮೂಲಂಗಿಗಳನ್ನು ಹೊಸ್ತಿಲ ಒಳಗೆ ಬಿಡದ ಮನೆಯ ಒಲೆಯ ಪಕ್ಕದ ಡಬ್ಬಿಯಲ್ಲಿ ಅರ್ಧಕ್ಕರ್ಧ ಬೇರಿನ ಪುಡಿಯಿರುವುದನ್ನು ಎಷ್ಟು ಮಂದಿ ಓದಿ ನೋಡಿದ್ದಾರೆ? ಒಣಗಿದ ಶುಂಠಿ ಅರಿಸಿನಗಳನ್ನು ಬಳಸುವ ಪದ್ಧತಿಯಿರುವುದರಿಂದ ಹುರಿದ ಬೇರಿನ ವಿಷಯದಲ್ಲಿ ಬೇರೆ ಬೇರೆ ಅಭಿಪ್ರಾಯಗಳು ಬರಬಹುದು. ಕಂದಮೂಲ ತ್ಯಾಗದ ನಿಯಮವುಳ್ಳವರು ತಮ್ಮ ಗುರುಗಳನ್ನು ಕೇಳಿ ನಿರ್ಣಯಿಸಿಕೊಳ್ಳಲಿ. ಸಂದೇಹ ಬೇಡವೆನ್ನುವವರು ಚಿಕೋರಿಯಿಲ್ಲದ ಪುಡಿಯನ್ನೇ ಕೇಳಿ ಕೊಳ್ಳಲಿ.

ಅನಿಷ್ಟವೇ? ಹೃದಯದ ಸಾಕ್ಷ್ಯ

ಶರೀರಕ್ಕೆ ಅನಿಷ್ಟವಾದುದನ್ನು ಬಿಡಬೇಕೆಂದು ಶಾಸ್ತ್ರವು ಹೇಳುತ್ತದೆ. ಯಾವುದು ಯಾರಿಗೆ ಅನಿಷ್ಟವೆಂಬುದನ್ನು ತಿಳಿಯಲು ವೈದ್ಯರ ಮಾತನ್ನು ಕೇಳಬೇಕಾಗುತ್ತದೆ. ಆದುದರಿಂದ ಕಾಫಿಯ ಕಾರ್ಯವನ್ನು ಕೊಂಚ ನೋಡೋಣ.

ಕಾಫಿಯ ಮುಖ್ಯ ಸತ್ತ್ವವಾದ ಕೆಫೀನನ್ನು 1819ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನಶಾಸ್ತ್ರಜ್ಞನು ಬೇರ್ಪಡಿಸಿದನು. ನಾವು ಎಚ್ಚರವಾಗಿರುವಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಚಯವಾಗುತ್ತ ಹೋಗುತ್ತದೆ. ಅದು ತನಗಾಗಿ ಇರುವ ಸ್ಥಾನಗಳಲ್ಲಿ ನೆಲೆಗೊಂಡಾಗ ದೇಹಕ್ಕೆ ವಿಶ್ರಾಂತಿ ಬೇಕೆಂಬ ಸೂಚನೆ ದೊರೆಯುತ್ತದೆ. ಕೆಫೀನು ಆ ಸ್ಥಾನಗಳನ್ನು ತಾನು ಆಕ್ರಮಿಸಿಕೊಂಡು ಅಡೆನೊಸಿನ್ನಿಗೆ ಎಡೆಗೊಡುವುದಿಲ್ಲ. ಇದರಿಂದ ದಣಿವು ಪರಿಹಾರವಾಯಿತೆಂದು ನಮಗೆ ತೋರುತ್ತದೆ. ವಾಸ್ತವವಾಗಿ ತಡೆದುಹೋದದ್ದು ದಣಿವಿನ ಸುದ್ದಿ. ಶಾಲೆಯಲ್ಲಿ ಗಂಟೆ ಬಾರಿಸುವವನ ಕೈಯನ್ನು ಹಿಡಿದುಕೊಂಡರೆ ಹೊತ್ತು ನಿಲ್ಲುವುದುಂಟೇ?

ಇನ್ನು ಹೃದಯದ ವಿಷಯ. ಕಾಫಿಯು ಹೃದಯಕ್ಕೆ ಶತ್ರುವೆಂಬ ಮಾತನ್ನು ಇತ್ತೀಚಿನ ದೊಡ್ಡ ಅಧ್ಯಯನಗಳು ಸಮರ್ಥಿಸುವುದಿಲ್ಲ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯು ಅದುವರೆಗಿನ ಇನ್ನೂರಕ್ಕೂ ಮೇಲ್ಪಟ್ಟ ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿ ನೋಡಿದ ಸಮೀಕ್ಷೆಯೊಂದನ್ನು ಪ್ರಕಟಿಸಿತು. ದಿನಕ್ಕೆ ಮೂರು ನಾಲ್ಕು ಕಪ್ಪು ಕಾಫಿ ಕುಡಿಯುವವರಲ್ಲಿ, ಸ್ವಲ್ಪವೂ ಕುಡಿಯದವರಿಗಿಂತ, ಹೃದಯ ಮತ್ತು ರಕ್ತನಾಳಗಳ ರೋಗವು ಶೇಕಡಾ 15ರಷ್ಟು ಕಡಿಮೆಯಾಗಿ ಕಂಡುಬಂತು. 2022ರಲ್ಲಿ ಬ್ರಿಟನ್ನಿನ ಸುಮಾರು ನಾಲ್ಕೂವರೆ ಲಕ್ಷ ಜನರನ್ನು ಹನ್ನೆರಡು ವರ್ಷಗಳಿಗೂ ಮಿಕ್ಕಿ ಗಮನಿಸಿದ ಅಧ್ಯಯನದಲ್ಲಿಯೂ ದಿನಕ್ಕೆ ಎರಡು ಮೂರು ಕಪ್ಪು ಕುಡಿಯುವವರ ಮರಣದ ಪ್ರಮಾಣ ಕಡಿಮೆಯಿತ್ತು. ವಿಶೇಷವೆಂದರೆ, ಕೆಫೀನನ್ನು ತೆಗೆದ ಕಾಫಿಯನ್ನು ಕುಡಿದವರಲ್ಲಿಯೂ ಪ್ರಯೋಜನ ಕಂಡಿತು. ಆದುದರಿಂದ ಅದು ಕೆಫೀನಿನಿಂದ ಮಾತ್ರ ಬಂದುದೆಂದು ಹೇಳುವಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಇವು ಜನರನ್ನು ಅವರವರ ಅಭ್ಯಾಸದಲ್ಲಿಯೇ ಬಿಟ್ಟು ಎಣಿಸಿ ನೋಡಿದ ಅಧ್ಯಯನಗಳು. ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲವೆಂಬುದು ನ್ಯಾಯಶಾಸ್ತ್ರದ ಮೊದಲ ಪಾಠ. ಆರೋಗ್ಯ ಕೆಟ್ಟವನು ವೈದ್ಯರ ಮಾತಿನಂತೆ ಕಾಫಿಯನ್ನು ಬಿಟ್ಟಿರಲೂಬಹುದು. ಆಗ ಕುಡಿಯದವರ ಗುಂಪಿನಲ್ಲಿ ರೋಗಿಗಳು ಹೆಚ್ಚಾಗಿ ಕಾಣುತ್ತಾರೆ. ಆದುದರಿಂದ ಈ ಅಂಕೆಗಳಿಂದ “ಮಿತವಾದ ಕಾಫಿಯಿಂದ ಆರೋಗ್ಯವಂತನ ಹೃದಯಕ್ಕೆ ಹಾನಿ ಕಾಣಲಿಲ್ಲ” ಎಂದು ಹೇಳಬಹುದು. “ಕುಡಿಯದವನು ಆರೋಗ್ಯಕ್ಕಾಗಿ ಕುಡಿಯಲು ಪ್ರಾರಂಭಿಸಬೇಕು” ಎಂದು ಹೇಳಲಾಗದು.

ಚೀಟಿ ಎತ್ತಿದಂತೆ ದಿನಗಳನ್ನು ಹಂಚಿ ಮಾಡಿದ ಪರೀಕ್ಷೆಯೂ ಒಂದುಂಟು. 2023ರಲ್ಲಿ ಪ್ರಕಟವಾದ ಅಮೆರಿಕದ ಈ ಪ್ರಯೋಗದಲ್ಲಿ ನೂರು ಮಂದಿಗೆ ಹದಿನಾಲ್ಕು ದಿನಗಳ ಕಾಲ, “ಇಂದು ಕಾಫಿ ಕುಡಿಯಿರಿ”, “ಇಂದು ಬೇಡ” ಎಂದು ಪ್ರತಿದಿನವೂ ತಿಳಿಸಿ, ಅವರ ಹೃದಯದ ಬಡಿತ, ನಡಿಗೆ, ನಿದ್ರೆಗಳನ್ನು ಯಂತ್ರಗಳಿಂದ ಅಳೆದರು. ಹೃದಯದ ಮೇಲಣ ಕೋಣೆಗಳಿಂದ ಹೊರಡುವ ಅಕಾಲಿಕ ಬಡಿತಗಳು ಕಾಫಿಯಿಂದ ಹೆಚ್ಚಾಗಲಿಲ್ಲ. ಕೆಳಗಣ ಕೋಣೆಗಳಿಂದ ಹೊರಡುವ ಅಂತಹ ಬಡಿತಗಳು ಸ್ವಲ್ಪ ಹೆಚ್ಚಿದವು. ಕಾಫಿ ಕುಡಿದ ದಿನ ಅವರು ಸುಮಾರು ಒಂದು ಸಾವಿರ ಹೆಜ್ಜೆ ಹೆಚ್ಚಾಗಿ ನಡೆದರು. ಆದರೆ ರಾತ್ರಿ ಸುಮಾರು 36 ನಿಮಿಷ ಕಡಿಮೆ ನಿದ್ರಿಸಿದರು. ಒಂದೇ ಲೋಟದಲ್ಲಿ ಲಾಭವೂ ನಷ್ಟವೂ ಇರುವುದನ್ನು ಇದಕ್ಕಿಂತ ನಿಷ್ಪಕ್ಷಪಾತವಾಗಿ ತೋರಿಸುವುದು ಕಷ್ಟ. ಒಂದೇ ವಸ್ತುವನ್ನು ಹಲವು ನಯಗಳಿಂದ ನೋಡಬೇಕೆಂಬ ಅನೇಕಾಂತದ ಪಾಠವನ್ನು ಕಲಿತ ನಮಗೆ ಇದು ಆಶ್ಚರ್ಯವಾಗಬಾರದು.

ಹಾಗಾದರೆ ಕಾಫಿಯು ಯಾರಿಗೂ ಅನಿಷ್ಟವಲ್ಲವೇ? ಹಾಗಲ್ಲ. ಅಭ್ಯಾಸವಿಲ್ಲದವನಲ್ಲಿ ಕಾಫಿಯು ಕೆಲವು ಗಂಟೆಗಳ ಕಾಲ ರಕ್ತದೊತ್ತಡವನ್ನು ಏರಿಸುತ್ತದೆ. 2022ರಲ್ಲಿ ಪ್ರಕಟವಾದ ಜಪಾನಿನ ದೀರ್ಘಕಾಲದ ಅಧ್ಯಯನವೊಂದರಲ್ಲಿ, ರಕ್ತದೊತ್ತಡವು 160/100ರ ಮಟ್ಟವನ್ನು ಮುಟ್ಟಿದ್ದ ಅಥವಾ ಮೀರಿದ್ದ ಜನರಲ್ಲಿ ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ಪು ಕಾಫಿ ಕುಡಿಯುವವರು ಹೃದಯ ಮತ್ತು ರಕ್ತನಾಳಗಳ ರೋಗದಿಂದ ಮರಣ ಹೊಂದುವ ಸಂಭವವು, ಕುಡಿಯದವರಿಗಿಂತ ಎರಡು ಪಟ್ಟು ಕಂಡುಬಂತು. ಅಂಥವರಿಗೆ ಇದು ಶಾಸ್ತ್ರಾರ್ಥದಲ್ಲಿಯೇ ಅನಿಷ್ಟ. ಗರ್ಭಿಣಿಯರಲ್ಲಿ ಕೆಫೀನು ಬಹಳ ಹೊತ್ತು ದೇಹದಲ್ಲಿ ಉಳಿಯುವುದರಿಂದ ಅವರು ಬಹು ಮಿತವಾಗಿರಬೇಕು. ಥೈರಾಯ್ಡ್ ಮಾತ್ರೆಯನ್ನು ಕಾಫಿಯೊಡನೆ ನುಂಗಿದರೆ ಔಷಧವು ಸರಿಯಾಗಿ ಹತ್ತುವುದಿಲ್ಲ. ಎದೆ ಢವಗುಟ್ಟುವವರು, ಹೊಟ್ಟೆಯುರಿಯುಳ್ಳವರು ತಮ್ಮ ದೇಹದ ಮಾತನ್ನೂ ವೈದ್ಯರ ಮಾತನ್ನೂ ಕೇಳಬೇಕು.

ಲೋಟದಲ್ಲಿ ಕಾಫಿಯೊಂದೇ ಇಲ್ಲ

ವಿದೇಶದ ಅಧ್ಯಯನಗಳನ್ನು ನಮ್ಮ ಲೋಟಕ್ಕೆ ಅನ್ವಯಿಸುವಾಗ ಇನ್ನೊಂದು ವಿವೇಕ ಬೇಕು. ನಮ್ಮ ಕಾಫಿಯಲ್ಲಿ ಡಿಕಾಕ್ಷನ್ನಿಗಿಂತ ಹಾಲು ಹೆಚ್ಚು, ಅದರೊಡನೆ ಸಕ್ಕರೆ. ಎರಡು ಚಮಚದ ಲೆಕ್ಕದಲ್ಲಿ ಒಂದು ಲೋಟಕ್ಕೆ ಸುಮಾರು 10 ಗ್ರಾಂ. ದಿನಕ್ಕೆ ನಾಲ್ಕು ಲೋಟವಾದರೆ 40 ಗ್ರಾಂ ಸಕ್ಕರೆ ಕಾಫಿಯ ಹೆಸರಿನಲ್ಲಿಯೇ ಹೊಟ್ಟೆ ಸೇರುತ್ತದೆ. ಹೃದಯಕ್ಕೆ ತೊಂದರೆಯಾದಾಗ ಅಪವಾದವು ಕಾಫಿಯ ಮೇಲೆ ಬರುತ್ತದೆ; ಅಪರಾಧಿಯು ಸಕ್ಕರೆಯ ಡಬ್ಬಿಯಲ್ಲಿ ಸುಖವಾಗಿ ಕುಳಿತಿರುತ್ತಾನೆ. ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೂ ಒಂದು. ಕಾಫಿಯನ್ನು ಬಿಡಲಾರದವನು ಅದರಲ್ಲಿನ ಸಕ್ಕರೆಯನ್ನಾದರೂ ಬಿಟ್ಟರೆ ಅದು ತಪಸ್ಸೂ ಆಗುತ್ತದೆ, ಪಥ್ಯವೂ ಆಗುತ್ತದೆ.

ಕಾಫಿಯ ಬೀಜದಲ್ಲಿ ಒಂದು ಬಗೆಯ ಎಣ್ಣೆಯ ಅಂಶವಿದ್ದು, ಅದು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ. ಪುಡಿಯನ್ನು ನೀರಿನಲ್ಲಿ ಕುದಿಸಿ ಹಾಗೆಯೇ ಕುಡಿಯುತ್ತಿದ್ದ ನಾರ್ವೆಯ ಜನರಲ್ಲಿ ಕಾಫಿಗೂ ಕೊಲೆಸ್ಟರಾಲಿಗೂ ಇರುವ ಸಂಬಂಧವು 1983ರಲ್ಲಿ ಪ್ರಕಟವಾದ ಅಧ್ಯಯನದಿಂದ ಬೆಳಕಿಗೆ ಬಂತು. ಕಾಗದದಲ್ಲಿ ಸೋಸಿದರೆ ಆ ಅಂಶವು ಬಹುಮಟ್ಟಿಗೆ ಕಾಗದದಲ್ಲಿಯೇ ನಿಲ್ಲುತ್ತದೆ. ನಮ್ಮ ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರಿನ ರಂಧ್ರಗಳು ಕಾಗದದಷ್ಟು ತಡೆಯುವುವೆಂದು ಭಾವಿಸಬಾರದು. ಕೊಲೆಸ್ಟರಾಲ್ ಹೆಚ್ಚಿರುವವರು ಪುಡಿಯನ್ನು ಪಾತ್ರೆಯಲ್ಲಿ ಕುದಿಸುವ ಪದ್ಧತಿಯನ್ನು ಬಿಡುವುದು ಲೇಸು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2024ರಲ್ಲಿ ಹೊರಡಿಸಿದ ಆಹಾರ ಸೂಚನೆಗಳು ನಮಗೆ ಒಂದು ಅಳತೆಯನ್ನು ಕೊಡುತ್ತವೆ. 150 ಮಿಲಿಲೀಟರಿನ ಒಂದು ಕಪ್ಪು ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ದಿಢೀರ್ ಕಾಫಿಯಲ್ಲಿ 50ರಿಂದ 65 ಮಿಲಿಗ್ರಾಂ, ಚಹದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನು ಇರುತ್ತದೆ. ಇಡೀ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಒಂದು ಗಂಟೆ ಬಳಿಕ ಇವೆರಡನ್ನೂ ಕುಡಿಯಬಾರದು. ಏಕೆಂದರೆ ಇವುಗಳಲ್ಲಿರುವ ಒಗರಿನ ಅಂಶವು ಅನ್ನದಲ್ಲಿನ ಕಬ್ಬಿಣವು ದೇಹಕ್ಕೆ ಹತ್ತದಂತೆ ತಡೆಯುತ್ತದೆ. ಶುದ್ಧ ಶಾಕಾಹಾರಿಗಳಾದ ನಮ್ಮ ಮನೆಗಳ ಹೆಣ್ಣುಮಕ್ಕಳು ಈ ಕೊನೆಯ ಮಾತನ್ನು ಮರೆಯಬಾರದು. ಸೊಪ್ಪು, ಕಾಳುಗಳಿಂದ ಬರತಕ್ಕ ಕಬ್ಬಿಣವನ್ನು ಊಟದ ಮೇಲಿನ ಕಾಫಿಯು ಕಸಿದುಕೊಳ್ಳುತ್ತದೆ.

ಹೊತ್ತಿನ ವಿಷಯವಾಗಿಯೂ ಒಂದು ಮಾತು. 2025ರ ಆರಂಭದಲ್ಲಿ ಯುರೋಪಿಯನ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಕುರಿತ ಅಧ್ಯಯನವು ಪ್ರಕಟವಾಯಿತು. ಬೆಳಗಿನ ಹೊತ್ತು ಮಾತ್ರ ಕಾಫಿ ಕುಡಿಯುವವರಲ್ಲಿ ಹೃದ್ರೋಗದ ಮರಣವು ಕುಡಿಯದವರಿಗಿಂತ ಶೇಕಡಾ 31ರಷ್ಟು ಕಡಿಮೆಯಿತ್ತು. ದಿನವಿಡೀ ಕುಡಿಯುವವರಲ್ಲಿ ಅಂತಹ ಪ್ರಯೋಜನವೇನೂ ಕಾಣಲಿಲ್ಲ. ಕೆಫೀನಿನ ಅರ್ಧಾಂಶವು ದೇಹದಿಂದ ತೊಲಗಲು ಸುಮಾರು ಐದು ಗಂಟೆ ಬೇಕು. ರಾತ್ರಿಭೋಜನ ತ್ಯಾಗಿಗಳಾದ ನಮ್ಮಲ್ಲಿ ಅನೇಕರು, ಸೂರ್ಯಾಸ್ತಕ್ಕೆ ಮುಂಚೆಯೇ ಮುಗಿಸಬೇಕೆಂಬ ತವಕದಿಂದ ಐದೂವರೆಗೆ ಒಂದು ದೊಡ್ಡ ಲೋಟವನ್ನು ತುಂಬಿಸಿಕೊಳ್ಳುತ್ತಾರೆ. ನಾಲಗೆಯ ಮಟ್ಟಿಗೆ ವ್ರತವು ಉಳಿಯಿತು. ಆದರೆ ಹತ್ತೂವರೆಯ ಹೊತ್ತಿನಲ್ಲಿ ಅದರ ಅರ್ಧ ಭಾಗವು ಇನ್ನೂ ರಕ್ತದಲ್ಲಿ ಸಂಚರಿಸುತ್ತಿರುತ್ತದೆ. ನಿದ್ರೆ ಕೆಟ್ಟವನಿಗೆ ಪ್ರಾತಃಕಾಲದ ಸಾಮಾಯಿಕದಲ್ಲಿ ತೂಕಡಿಕೆ, ತೂಕಡಿಕೆಯನ್ನು ಓಡಿಸಲು ಮತ್ತೆ ಕಾಫಿ. ಹೀಗೆ ಗಾಣದ ಎತ್ತಿನ ಸುತ್ತಾಟ.

ಪ್ರಮಾದ: ಯಾರು ಯಜಮಾನ?

ಈಗ ಉಳಿದ ಒರೆಗಲ್ಲನ್ನು, ಪ್ರಮಾದವನ್ನು, ನೋಡೋಣ. ಮದ್ಯದಂತೆ ಕಾಫಿಯು ವಿವೇಕವನ್ನು ಮುಚ್ಚುವುದಿಲ್ಲ. ಎಚ್ಚರವನ್ನೇ ಕೊಡುವ ವಸ್ತುವಿನಲ್ಲಿ ಪ್ರಮಾದವೆಲ್ಲಿ ಎಂದು ಕೇಳಬಹುದು. ಕಣ್ಣು ತೆರೆದಿರುವುದು ಬೇರೆ, ಆತ್ಮನು ಜಾಗೃತನಾಗಿರುವುದು ಬೇರೆ. ಶಾಸ್ತ್ರದಲ್ಲಿ ಎಣಿಸಿದ ಹದಿನೈದು ಪ್ರಮಾದಗಳಲ್ಲಿ ನಿದ್ರೆಯು ಒಂದು ಮಾತ್ರ. ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ ವಿಷಯ ಮತ್ತು ಪ್ರಣಯ ಇವು ಉಳಿದವು. ಕಾಫಿಯು ನಿದ್ರೆಯನ್ನು ಓಡಿಸಬಲ್ಲುದು; ಕಾಫಿಯು ಹತ್ತು ನಿಮಿಷ ತಡವಾದಾಗ ಏಳುವ ಕ್ರೋಧವನ್ನು ಯಾರು ಓಡಿಸಬೇಕು? ಲೋಟವನ್ನು ಮುಂದಿಟ್ಟುಕೊಂಡು ನಡೆಯುವ ವಿಕಥೆಗಳಿಗೆ ಕೊನೆಯೆಲ್ಲಿ?

ರತ್ನಾಕರವರ್ಣಿಯ ಭರತೇಶನಂತೆ ತಾವೂ ಭೋಗದಲ್ಲಿದ್ದುಕೊಂಡೇ ಯೋಗಿಗಳೆಂದು ನಗುನಗುತ್ತ ಹೇಳುವವರುಂಟು. ಸಂತೋಷವೇ. ಹಾಲು ಒಡೆದುಹೋದ ಮುಂಜಾವಿನಲ್ಲಿ ಅವರು ಒಮ್ಮೆ ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳಲಿ. ಅಲ್ಲಿ ಭರತೇಶನು ಕಂಡರೆ ಅವರಿಗೆ ನನ್ನ ಉಪದೇಶವು ಬೇಕಾಗಿಲ್ಲ.

ಈ ದಾಸ್ಯವು ಮನಸ್ಸಿನದು ಮಾತ್ರವಲ್ಲ, ಶರೀರದ್ದೂ ಹೌದು. ದಿನವೂ ಕೆಫೀನು ಸೇವಿಸುವವನು ಅದನ್ನು ಥಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಗಳೊಳಗೆ ತಲೆನೋವು, ಬಳಲಿಕೆ, ಸಿಡುಕು ಪ್ರಾರಂಭವಾಗಿ, ಒಂದೆರಡು ದಿನಗಳಲ್ಲಿ ತಾರಕಕ್ಕೇರಿ, ಎರಡರಿಂದ ಒಂಬತ್ತು ದಿನಗಳವರೆಗೆ ಇರಬಹುದು. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟರು. ಈಗ ನಮ್ಮ ಪ್ರೋಷಧೋಪವಾಸವನ್ನು ಲೆಕ್ಕ ಹಾಕಿ. ಸಪ್ತಮಿಯಂದು ಏಕಭುಕ್ತಿ, ಅಷ್ಟಮಿಯಂದು ಉಪವಾಸ, ನವಮಿಯಂದು ಮತ್ತೆ ಏಕಭುಕ್ತಿ. ಸಪ್ತಮಿಯ ಮಧ್ಯಾಹ್ನದಿಂದ ನವಮಿಯ ಮಧ್ಯಾಹ್ನದವರೆಗೆ ಸುಮಾರು 48 ಗಂಟೆ. ಕಾಫಿಯ ತಲೆನೋವು ಉಗ್ರವಾಗಿರುವ ಹೊತ್ತೂ ಇದೇ! “ನನಗೆ ಉಪವಾಸ ಒಗ್ಗುವುದಿಲ್ಲ, ತಲೆ ಸಿಡಿಯುತ್ತದೆ” ಎಂದು ವ್ರತವನ್ನೇ ಕೈಬಿಟ್ಟವರು ನಮ್ಮಲ್ಲಿ ಎಷ್ಟು ಮಂದಿ! ಅವರಲ್ಲಿ ಹಲವರಿಗೆ ಒಗ್ಗದಿದ್ದದ್ದು ಉಪವಾಸವಲ್ಲ, ಕಾಫಿಯ ವಿರಹ. ಹಸಿವೆಯ ಮೇಲೆ ಅಪವಾದವನ್ನು ಹೊರಿಸಿ, ಅನಾದಿಯಿಂದ ಬಂದ ತಪಸ್ಸಿಗೆ ಅವರು ವಿದಾಯ ಹೇಳಿದರು. ಒಂದು ಪಾನೀಯವು ನಮ್ಮ ಪರ್ವದಿನವನ್ನೇ ಕಸಿದುಕೊಳ್ಳುವಷ್ಟು ಬೆಳೆದುದಾದರೆ, ಅದು ಹೃದಯಕ್ಕೆ ಎಷ್ಟು ಹಿತವಾಗಿದ್ದರೂ, ಮನೆಯಲ್ಲಿ ಯಜಮಾನನು ಯಾರೆಂದು ವಿಚಾರಿಸಬೇಕಾದ ಕಾಲವು ಬಂದಿದೆ.

ಉಪವಾಸದಲ್ಲಿ ಕಾಫಿ

ಪ್ರಾರಂಭದ ಪ್ರಶ್ನೆಗೆ ಉತ್ತರವು ಸ್ಪಷ್ಟವಾಗಿದೆ. ಅನ್ನ, ಪಾನ, ಖಾದ್ಯ, ಲೇಹ್ಯಗಳೆಂಬ ನಾಲ್ಕು ಬಗೆಯ ಆಹಾರಗಳನ್ನು ತ್ಯಜಿಸುವುದೇ ಉಪವಾಸ. ಕಾಫಿಯು ಪಾನ. ಹಾಲು ಸಕ್ಕರೆಗಳಿದ್ದರೂ ಇಲ್ಲದಿದ್ದರೂ ಅದು ಪಾನವೇ. ಆದುದರಿಂದ ಉಪವಾಸವೆಂದು ಸಂಕಲ್ಪಿಸಿದ ದಿನ ಕಾಫಿ ಕುಡಿದರೆ ಅದು ಉಪವಾಸವಲ್ಲ. ಶಕ್ತಿ ಸಾಲದವನು ಏಕಭುಕ್ತಿಯನ್ನೋ ರಸಪರಿತ್ಯಾಗವನ್ನೋ ಕೈಗೊಂಡು, ಅದನ್ನು ಅದೇ ಹೆಸರಿನಿಂದ ಕರೆಯಲಿ. ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ಅಳತೆಯನ್ನೇ ಹೇಳಿದೆ. ಅಲ್ಪವಾದ ನಿಯಮವನ್ನು ನಿಜವಾಗಿ ಪಾಲಿಸಿದವನು, ದೊಡ್ಡ ನಿಯಮದ ಹೆಸರಿನಲ್ಲಿ ಚಿಕ್ಕ ಲೋಟವನ್ನು ಬಚ್ಚಿಟ್ಟವನಿಗಿಂತ ಮೇಲು.

ಇದೇ ಗ್ರಂಥದಲ್ಲಿ ಭೋಗೋಪಭೋಗ ವ್ರತದ ಐದು ಅತಿಚಾರಗಳೂ ಹೇಳಲ್ಪಟ್ಟಿವೆ: ವಿಷಯಗಳನ್ನು ಉಪೇಕ್ಷಿಸದಿರುವುದು, ಅನುಭವಿಸಿದ್ದನ್ನು ಮರಳಿ ಸ್ಮರಿಸುವುದು, ಅತಿಯಾದ ಲಂಪಟತೆ, ಮುಂದಣ ಭೋಗಕ್ಕಾಗಿ ಅತಿಯಾದ ತೃಷೆ, ಅತಿಯಾಗಿ ಅನುಭವಿಸುವುದು. ಉಪವಾಸದ ರಾತ್ರಿಯಲ್ಲಿ ನೆರೆಮನೆಯ ಹುರಿದ ಪುಡಿಯ ಪರಿಮಳಕ್ಕೆ ಮೂಗರಳಿಸಿ, “ನಾಳೆ ಪಾರಣೆಗೆ ಮೊದಲು ಒಂದು ಗಟ್ಟಿ ಕಾಫಿ” ಎಂದು ಎಣಿಸುವವನಲ್ಲಿ ಇವುಗಳಲ್ಲಿ ಎಷ್ಟು ನೆಲೆಸಿವೆಯೆಂದು ಓದುಗರೇ ಲೆಕ್ಕ ಹಾಕಲಿ. ಹಸಿದ ಹೊಟ್ಟೆಗೆ ಮೊದಲು ಕಾಫಿಯನ್ನೆರೆಯುವುದು ಆರೋಗ್ಯದ ದೃಷ್ಟಿಯಿಂದಲೂ ಲೇಸಲ್ಲ. ಪಾರಣೆಯಲ್ಲಿ ಮೊದಲು ನೀರು, ಬಳಿಕ ಮೃದುವಾದ ಅನ್ನ. ಕಾಫಿಯು ಬೇಕೇಬೇಕೆಂದಾದರೆ ಆಮೇಲೆ.

ನಿಯಮವನ್ನು ಕೈಗೊಳ್ಳುವ ಬಗೆ

ಪರಿಮಿತ ಕಾಲದ ತ್ಯಾಗವನ್ನು ನಿಯಮವೆಂದೂ ಜೀವಾವಧಿಯ ತ್ಯಾಗವನ್ನು ಯಮವೆಂದೂ ಆಚಾರ್ಯರು ಕರೆದಿದ್ದಾರೆ. ಕಾಫಿಯ ವಿಷಯದಲ್ಲಿ ಮೊದಲು ನಿಯಮದಿಂದಲೇ ಪ್ರಾರಂಭಿಸುವುದು ಕ್ಷೇಮ. ಆವೇಶದಲ್ಲಿ ತೆಗೆದುಕೊಂಡ ಯಮವು ಮೂರನೆಯ ದಿನದ ತಲೆನೋವಿಗೆ ಮುರಿದರೆ ಆ ಮುರಿದ ವ್ರತದ ಭಾರವು ಕಾಫಿಯ ದೋಷಕ್ಕಿಂತ ಹೆಚ್ಚಾಗುತ್ತದೆ.

ದಶಲಕ್ಷಣಕ್ಕೆ ಮೂರು ವಾರಗಳಿರುವಾಗಲೇ ಸಿದ್ಧತೆಯನ್ನು ಮಾಡಿಕೊಳ್ಳಬೇಕು. ಮೊದಲನೆಯ ವಾರ ಮಧ್ಯಾಹ್ನದ ನಂತರದ ಕಾಫಿಯನ್ನು ಬಿಡಿ. ಎರಡನೆಯ ವಾರ ಉಳಿದ ಲೋಟಗಳಲ್ಲಿ ಡಿಕಾಕ್ಷನ್ನನ್ನು ಅರ್ಧಕ್ಕಿಳಿಸಿ. ಮೂರನೆಯ ವಾರ ಬೆಳಗಿನ ಒಂದೇ ಸಣ್ಣ ಲೋಟಕ್ಕೆ ಬನ್ನಿ. ಪರ್ವಕ್ಕೆ ಎರಡು ಮೂರು ದಿನಗಳಿರುವಾಗ ಅದನ್ನೂ ನಿಲ್ಲಿಸಿ. ಹೀಗೆ ಮೆಲ್ಲಮೆಲ್ಲನೆ ಇಳಿಸಿದವರಿಗೆ ತಲೆನೋವು ಬಾರದು, ಬಂದರೂ ಸಹ್ಯವಾಗಿರುತ್ತದೆ. ಉಪವಾಸದ ದಿನ ಮನಸ್ಸು ಸ್ವಾಧ್ಯಾಯಕ್ಕೆ ಬಿಡುವಾಗಿರುತ್ತದೆ. ಕಾಫಿಯ ಬದಲಿಗೆ ಚಹವನ್ನು ಹಿಡಿಯುವುದು ತ್ಯಾಗವಲ್ಲ; ಅದರಲ್ಲಿಯೂ ಅದೇ ಕೆಫೀನು ಇರುವುದನ್ನು ಮೇಲೆ ಹೇಳಿದೆ. ಹೃದಯಕ್ಕೆ, ಸಕ್ಕರೆ ರೋಗಕ್ಕೆ, ರಕ್ತದೊತ್ತಡಕ್ಕೆ ಔಷಧ ಸೇವಿಸುತ್ತಿರುವವರು ಉಪವಾಸಕ್ಕೆ ಮುಂಚೆ ತಮ್ಮ ವೈದ್ಯರನ್ನು ಅವಶ್ಯವಾಗಿ ಕೇಳಬೇಕು. ಔಷಧದ ಹೊತ್ತನ್ನು ತಾವೇ ತಪ್ಪಿಸಿ ಅಪಾಯವನ್ನು ತಂದುಕೊಳ್ಳುವುದು ತಪಸ್ಸಲ್ಲ.

ಪೂರ್ಣವಾಗಿ ಬಿಡಲು ಇಚ್ಛಿಸದವರು ಚಾತುರ್ಮಾಸದ ನಾಲ್ಕು ತಿಂಗಳಿಗೆ ಹೀಗೆ ಪರಿಮಾಣವನ್ನು ಮಾಡಿಕೊಳ್ಳಬಹುದು: “ದಿನಕ್ಕೆ ಎರಡು ಲೋಟ ಮೀರೆನು, ಮಧ್ಯಾಹ್ನದ ಬಳಿಕ ಕುಡಿಯೆನು, ಸಕ್ಕರೆ ಅರ್ಧ ಚಮಚಕ್ಕೆ ಹೆಚ್ಚು ಹಾಕಿಕೊಳ್ಳೆನು, ಅಷ್ಟಮಿ ಚತುರ್ದಶಿಗಳಲ್ಲಿ ಮುಟ್ಟೆನು.” ನೋಡಿ, ವೈದ್ಯರು ಹೃದಯಕ್ಕಾಗಿ ಹೇಳುವ ಮಿತಿಯೂ ಶ್ರಾವಕನು ಆತ್ಮಕ್ಕಾಗಿ ಹಾಕಿಕೊಳ್ಳುವ ಮಿತಿಯೂ ಇಲ್ಲಿ ಬಹುಮಟ್ಟಿಗೆ ಒಂದೇ ಗೆರೆಯ ಮೇಲೆ ಬರುತ್ತವೆ. ಆದರೆ ವೈದ್ಯರ ಮಾತು ನಾಳೆ ಹೊಸ ಸಂಶೋಧನೆಯಿಂದ ಬದಲಾಗಬಹುದು. ಅದು ವಿಜ್ಞಾನದ ಧರ್ಮ. ನಮ್ಮ ಸಂಕಲ್ಪವು ಆ ಬದಲಾವಣೆಯನ್ನು ಕಾಯುತ್ತ ಕುಳಿತುಕೊಳ್ಳಬೇಕಾಗಿಲ್ಲ. ಅದರ ಫಲವಾದ ಇಂದ್ರಿಯ ವಿಜಯವು ಅಂದಂದಿಗೆ ದೊರೆಯತಕ್ಕದ್ದು.

ಮನೆಯವರ ವಿಷಯವಾಗಿಯೂ ಒಂದು ವಿನಂತಿ. ಕಾಫಿಯನ್ನು ಬಿಟ್ಟ ಗೃಹಸ್ಥರು ಕೆಲವರು ಆರು ಗಂಟೆಗೆ ಜೀರಿಗೆ ಕಷಾಯ, ಎಂಟಕ್ಕೆ ಬಾದಾಮಿ ಹಾಲು, ಹತ್ತಕ್ಕೆ ಪಾನಕವೆಂದು ಅಡಿಗೆಮನೆಯ ಕೆಲಸವನ್ನು ಮೂರು ಪಟ್ಟು ಮಾಡುತ್ತಾರೆ. ತ್ಯಾಗವು ಒಬ್ಬರದು, ಪರೀಷಹವು ಇನ್ನೊಬ್ಬರದು! ಎಲ್ಲರಿಗಿಂತ ಮೊದಲೆದ್ದು ಹಾಲು ಕಾಯಿಸುವ ಗೃಹಿಣಿಗೆ ಕಾಲು ಗಂಟೆಯ ಬಿಡುವು ದೊರೆತು, ಆಕೆಯೂ ಬಸದಿಯ ಪ್ರಾತಃಪೂಜೆಗೆ ಬರುವಂತಾದರೆ ನಿಮ್ಮ ನಿಯಮವು ನಿಜವಾಗಿ ಫಲಿಸಿತೆಂದು ತಿಳಿಯಿರಿ. ಹಾಗೆಯೇ, ಮನೆಗೆ ಬಂದ ಅತಿಥಿಯ ಕೈಯ ಲೋಟವನ್ನು ನೋಡಿ ಉಪದೇಶಕ್ಕೆ ತೊಡಗಬೇಡಿ. ಅವರಿಗೆ ಆದರದಿಂದ ಕಾಫಿಯನ್ನು ಕೊಟ್ಟು, ನೀವು ಮೌನವಾಗಿ ನೀರನ್ನು ಕುಡಿಯಿರಿ. ಎಳೆಯರು ಮಾತಿಗಿಂತ ಇದನ್ನು ಬೇಗ ಕಲಿಯುತ್ತಾರೆ.

ಬಂಧುಗಳೇ, ಕಾಫಿಯನ್ನು ನಿಂದಿಸಬೇಕಾಗಿಲ್ಲ, ಅದಕ್ಕೆ ಅಂಜಬೇಕಾಗಿಲ್ಲ. ಅದು ಹಲವರ ಹೃದಯಕ್ಕೆ ಹಾನಿಯನ್ನು ಮಾಡದ, ಕೆಲವರಿಗೆ ನಿಶ್ಚಯವಾಗಿ ಅಹಿತವಾದ, ಎಲ್ಲರನ್ನೂ ತನ್ನ ಅಭ್ಯಾಸಕ್ಕೆ ಎಳೆಯಬಲ್ಲ ಒಂದು ವಸ್ತು. ಬರುವ ಅಷ್ಟಮಿಯಂದು ಅದನ್ನು ಒಂದು ದಿನ ದೂರವಿಟ್ಟು, ಶರೀರವೂ ಮನಸ್ಸೂ ಏನು ಹೇಳುತ್ತವೆಂಬುದನ್ನು ಶಾಂತವಾಗಿ ಕೇಳಿ ನೋಡಿ. ಏನೂ ಹೇಳದಿದ್ದರೆ ನೀವು ಸ್ವತಂತ್ರರು. ಗಲಾಟೆ ಮಾಡಿದರೆ ನಿಮ್ಮ ಸಾಧನೆಯನ್ನು ಎಲ್ಲಿಂದ ಪ್ರಾರಂಭಿಸಬೇಕೆಂಬುದು ತಿಳಿಯಿತು. ಎಲ್ಲರ ಶರೀರವು ನಿರಾಮಯವಾಗಿರಲಿ, ವ್ರತಗಳು ನಿರತಿಚಾರವಾಗಿ ಸಾಗಲಿ ಎಂದು ಜಿನೇಶ್ವರನ ಚರಣಗಳಲ್ಲಿ ಪ್ರಾರ್ಥಿಸುತ್ತೇನೆ.